ಡಬ್ಬಿಯೊಳಗಿನ ಕಾಲು

ಕಂಪ್ಯೂಟರಕ್ಕನಿಗೆ ಜಂಬ ಎಂದು ಆ ಬೀದಿಯಲ್ಲಿ ಯಾರಾದರೂ ಹೇಳಿದರೆ ಅದನ್ನು ಚಾಡಿ ಎನ್ನುವಂತಿಲ್ಲ. ಜಂಬ ಇದ್ದೇ ಇದೆ, ಅದೂ ಧಾರಾಳವಾಗಿ. ಓರಗೆಯ ಹೆಂಗಸರು ತಲೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಹುಡುಕುವ ವಯಸ್ಸಿನಲ್ಲಿ ಅವಳು ಕೀಬೋರ್ಡಿನ ಮುಂದೆ ಕೂತು, ಕೋಳಿ ಕಾಳು ಹೆಕ್ಕಿದಂತೆ ಒಂದೊಂದೇ ಅಕ್ಷರ ಹೆಕ್ಕಿ ಕಂಪ್ಯೂಟರು ಕಲಿತವಳು. ಕಲಿತದ್ದು ನೆಂಟರ ಮಕ್ಕಳ ಫೋಟೊ ನೋಡಲಿಕ್ಕಲ್ಲ, ಜನರ ಕಾಲು ಜೋಪಾನ ಮಾಡಲಿಕ್ಕೆ.

ಕಾಲು ಎಂದರೆ ಕಾಲೇ. ಅಕ್ಕನ ಅಪ್ಪ ಶೂ ಮಾಡುತ್ತಿದ್ದ. ಈಗ ಅವಳ ತಮ್ಮ ಮಾಡುತ್ತಾನೆ. ಎಲ್ಲರ ಕಾಲಿಗೂ ಅಲ್ಲ. ಒಂದು ಕಾಲು ಗಿಡ್ಡವಾಗಿರುವವರು, ಪಾದ ಒಳಕ್ಕೆ ತಿರುಗಿದವರು, ಬೆರಳು ಕಳೆದುಕೊಂಡವರು, ಒಟ್ಟಿನಲ್ಲಿ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಯಾವ ಶೂ ಕೂಡ ಯಾರನ್ನು ಒಪ್ಪುವುದಿಲ್ಲವೋ ಅವರೆಲ್ಲ ಇಲ್ಲಿಗೆ ಬರುತ್ತಾರೆ. ಕೆಲಸದ ಕೋಣೆ ರಸ್ತೆಗಿಂತ ಅರ್ಧ ಆಳು ಕೆಳಗಿದೆ. ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಮೊಣಕಾಲಿನ ಕೆಳಗಷ್ಟೆ. ಹಾಗಾಗಿ ಈ ಮನೆಯವರಿಗೆ ಬೀದಿಯವರ ಮುಖಕ್ಕಿಂತ ಹಿಮ್ಮಡಿಯ ಪರಿಚಯ ಹೆಚ್ಚು. “ಬ್ಯಾಂಕಿನವರು ಇವತ್ತು ಹೆಂಡತಿ ಹತ್ರ ಬೈಸ್ಕೊಂಡು ಹೊರಟಿದ್ದಾರೆ” ಎಂದು ತಮ್ಮ ಹೇಳಿದರೆ ಅದು ನಡಿಗೆ ನೋಡಿ ಹೇಳಿದ್ದು, ಮತ್ತು ಬಹುಪಾಲು ಸರಿಯಾಗಿರುತ್ತದೆ.

ಅಪ್ಪನ ಕಾಲದಲ್ಲಿ ಗಿರಾಕಿಯ ಪಾದವನ್ನು ಮರದಲ್ಲಿ ಕೆತ್ತಿ, ಅದರ ಮೇಲೆ ಚರ್ಮ ಬಿಗಿದು ಹೊಲಿಯುತ್ತಿದ್ದರು. ಮರದ ಪಾದಗಳು ಗೋಡೆ ತುಂಬ ನೇತಾಡುತ್ತಿದ್ದವು. ಆಮೇಲೆ ಕೆತ್ತುವ ಮೆಷಿನ್ನು ಬಂತು, ಪಾದ ಅಳೆಯುವ ಗಾಜಿನ ಪೆಟ್ಟಿಗೆ ಬಂತು, ಇವೆರಡರ ನಡುವೆ ಮಾತುಕತೆ ನಡೆಸಲು ಒಂದು ಕಂಪ್ಯೂಟರೂ ಬಂತು. ಅಪ್ಪ ಅದರ ಹತ್ತಿರ ಸುಳಿಯಲಿಲ್ಲ. ತಮ್ಮನ ಕೈ ಸದಾ ಅಂಟು ಮೆತ್ತಿದ ಕೈ. ಅಕ್ಕ ಕೂತಳು, ಕೂತವಳು ಮತ್ತೆ ಆ ಕುರ್ಚಿ ಬಿಡಲಿಲ್ಲ. ಪ್ರತಿಯೊಬ್ಬ ಗಿರಾಕಿಯ ಪಾದವನ್ನೂ ಅಳೆದು, ಉಬ್ಬುತಗ್ಗು ತಿದ್ದಿ, ಕಂಪ್ಯೂಟರಿನ ಪಕ್ಕಕ್ಕೆ ಕೇಬಲ್ಲಿನಿಂದ ಸಿಕ್ಕಿಸಿದ ಅಂಗೈ ಅಗಲದ ಹಾರ್ಡ್ ಡಿಸ್ಕಿನಲ್ಲಿ ಇಟ್ಟಳು. ಮನೆಯಲ್ಲಿ ಅದರ ಹೆಸರು ಡಬ್ಬಿ. “ಅರ್ಧ ಊರಿನ ಕಾಲು ನನ್ನ ಡಬ್ಬೀಲಿದೆ” ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು. ಅರ್ಧ ಊರು ಎನ್ನುವುದು ಸ್ವಲ್ಪ ಹೆಚ್ಚಾಯಿತು, ಆದರೆ ಅಕ್ಕನ ಮಾತಿಗೆ ಅಷ್ಟು ರಿಯಾಯಿತಿ ಕೊಡಲೇಬೇಕು.

ಮರದ ಪಾದಗಳಿಗೆ ಹುಳು ಹಿಡಿದಾಗ “ಇನ್ನು ಅವು ಯಾಕೆ? ಎಲ್ಲ ಡಬ್ಬೀಲಿದೆ, ಒಲೆಗೆ ಹಾಕಿ” ಎಂದವಳೂ ಅಕ್ಕನೇ. ಅಂದಿನಿಂದ ಮೆಷಿನ್ನು ಕೆತ್ತಿದ ಪಾದವೂ ಶೂ ಹೊಲಿದಾದ ಮೇಲೆ ಒಲೆಗೇ; ಗೋಡೆ ಬೋಳಾಯಿತು, ಡಬ್ಬಿ ಭಾರವಾಯಿತು. ತೂಕದಲ್ಲಲ್ಲ, ಜವಾಬ್ದಾರಿಯಲ್ಲಿ.

ಕಂಪ್ಯೂಟರಿಗೂ ವಯಸ್ಸಾಯಿತು. ಆನ್ ಮಾಡಿದರೆ ಮುದುಕ ಮಂಚದಿಂದ ಏಳುವಾಗಿನ ಹಾಗೆ ಗೊರಗೊರ ಸದ್ದು ಮಾಡಿ, ಕೆಮ್ಮಿ, ಆಮೇಲೆ ಕಣ್ಣು ಬಿಡುತ್ತಿತ್ತು. ಹೊಸದು ತರುವಂತಿರಲಿಲ್ಲ. ಕೆತ್ತುವ ಮೆಷಿನ್ನಿನ ಕೇಬಲ್ಲಿಗೆ ಬಾಚಣಿಗೆಯ ಹಲ್ಲಿನಷ್ಟು ಪಿನ್ನುಗಳಿದ್ದವು, ಈಗಿನ ಯಾವ ಕಂಪ್ಯೂಟರಿಗೂ ಅಷ್ಟು ದೊಡ್ಡ ಬಾಯಿಲ್ಲ. ತಮ್ಮನ ಮಗಳು ಚೂಟಿ, ಈಗ ಅಂಗಡಿಯ ಆರ್ಡರು, ಫೋನು, ಓಡಾಟ ಎಲ್ಲ ನೋಡಿಕೊಳ್ಳುವವಳು, ಆಗಾಗ ಕೆಣಕುತ್ತಿದ್ದಳು:

“ಅತ್ತೆ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ರೆ ಅವರೂ ‘ಅಯ್ಯೋ, ಇಷ್ಟು ಹಳೇದು ಬೇಡ’ ಅಂತಾರೆ.”

“ಕೊಡು. ಜೊತೆಗೆ ನನ್ನನ್ನೂ ಕಟ್ಟಿ ಕಳಿಸು. ಆಮೇಲೆ ಶೂನ ನಿನ್ನ ಮೊಬೈಲಿಂದ ಹೊಲಿ.”

ಅಂಚೆಯವನ ವಿಷಯ ಬಂದದ್ದು ಈ ನಡುವೆ. ಅವನ ಬಲಗಾಲು ಹುಟ್ಟಿನಿಂದಲೇ ಎರಡು ಬೆರಳಷ್ಟು ಗಿಡ್ಡ, ಪಾದವೂ ಸೊಟ್ಟ. ಅಕ್ಕ ಅಳೆದು, ತಮ್ಮ ಹೊಲಿದ ಶೂ ಹಾಕಿಕೊಂಡ ಮೇಲೆ ಅವನು ನಡೆದರೆ ಕುಂಟುತ್ತಾನೆಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುತ್ತಿತ್ತು. ಮೂರು ಬೀದಿಯ ಮೆಟ್ಟಿಲು ದಿನವೂ ಹತ್ತಿಳಿಯುವ ಆ ಮನುಷ್ಯನಿಗೆ ಒಂದು ಲಾರಿ ಹಿಂದಕ್ಕೆ ಬಂದು ಗುದ್ದಿ, ಬಲಗಾಲಿನ ಮೂಳೆ ಮುರಿಯಿತು. ಆಸ್ಪತ್ರೆಯವರು ಶೂವನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕಸಕ್ಕೆ ಹಾಕಿ, ಮೊಣಕಾಲಿನವರೆಗೆ ಪ್ಲಾಸ್ಟರ್ ಕಟ್ಟಿದರು.

ಅಕ್ಕ ನೋಡಲು ಹೋಗಿದ್ದಾಗ ಡಾಕ್ಟರು ಅಲ್ಲೇ ಇದ್ದರು. ಸೋಮವಾರ ಪ್ಲಾಸ್ಟರ್ ಬಿಚ್ಚುತ್ತೇವೆ, ಆದರೆ ಮೊದಲ ಹೆಜ್ಜೆಯಿಂದಲೇ ಅವನ ಎತ್ತರಕ್ಕೆ ಸರಿಯಾದ ಶೂ ಇರಬೇಕು, ಇಲ್ಲದಿದ್ದರೆ ಭಾರ ತಪ್ಪಾಗಿ ಬಿದ್ದು ಕೂಡಿದ ಮೂಳೆಗೆ ತೊಂದರೆ ಎಂದರು. ಶೂ ಇಲ್ಲವೆಂದರೆ ಬಾವು ಇಳಿದು, ಹೊಸದಾಗಿ ಅಳತೆ ತೆಗೆದು, ಹೊಸ ಶೂ ಬರುವವರೆಗೆ ಗಾಲಿಕುರ್ಚಿ. ಅಂಚೆಯವನು ಗಾಲಿಕುರ್ಚಿ ಎಂಬ ಮಾತು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದ.

“ಈ ಕಡೆ ತಿರುಗಿ” ಎಂದಳು ಅಕ್ಕ. “ನಿಮ್ಮ ಕಾಲು ನನ್ನ ಹತ್ರ ಇದೆ. ಸೋಮವಾರ ನೀವು ಎದ್ದು ನಿಲ್ಲೋವಾಗ ಶೂ ಇಲ್ಲಿರುತ್ತೆ. ಇದು ನನ್ನ ಮಾತು.”

ಅಂಚೆಯವನು ತಿರುಗಿದ. “ಅಕ್ಕಾ, ನೀವು ಹೇಳಿದ ಮೇಲೆ ಮುಗೀತು” ಎಂದ. ಅಕ್ಕನಿಗೆ ಎದೆ ಎರಡಿಂಚು ಅಗಲವಾಯಿತು. ಹಾಗೆ ಅಗಲವಾದ ಎದೆಯಲ್ಲೇ ಮನೆಗೆ ಬಂದಳು.

ಮನೆಯಲ್ಲಿ ಆ ವಾರ ಸುಣ್ಣಬಣ್ಣದ ಕೆಲಸ ನಡೆದಿತ್ತು. ಚೂಟಿ ಕಂಪ್ಯೂಟರನ್ನು ಕೇಬಲ್ಲುಗಳ ಸಮೇತ ಬಿಚ್ಚಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಒಳಗಿಟ್ಟಿದ್ದಳು. ಒಳ್ಳೆಯ ಉದ್ದೇಶ, ಒಳ್ಳೆಯ ಬೆಡ್‌ಶೀಟು, ತಪ್ಪೇನಿಲ್ಲ. ಆದರೆ ಅಲ್ಲಿಯವರೆಗೆ ಆ ಕಂಪ್ಯೂಟರಿನಿಂದ ಡಬ್ಬಿಯ ಕೇಬಲ್ಲನ್ನು ಯಾರೂ ಬಿಚ್ಚಿದ್ದಿಲ್ಲ, ಸಿಕ್ಕಿಸಿದ ದಿನದಿಂದ ಅದು ಅಲ್ಲೇ ಇತ್ತು.

ಬುಧವಾರ ಬೆಳಿಗ್ಗೆ ಬಣ್ಣ ಒಣಗಿತು. ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿ ಅಕ್ಕ ಸ್ವಿಚ್ ಒತ್ತಿದಳು. ಕಂಪ್ಯೂಟರು ಗೊರಗೊರ ಎಂದಿತು, ಕೆಮ್ಮಿತು. ಕಣ್ಣು ಮಾತ್ರ ಬಿಡಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಾ ನಿಂತಿತು. ಆರಿಸಿ ಹೊತ್ತಿಸಿದರೂ ಅದೇ. ಪಕ್ಕದಲ್ಲಿ ಡಬ್ಬಿ ತನ್ನ ಪಾಡಿಗೆ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಕೂತಿತ್ತು.

ರಿಪೇರಿಯವನು ಪರವೂರಿನಲ್ಲಿದ್ದ, ವಾರಾಂತ್ಯದವರೆಗೆ ಬರುವಂತಿರಲಿಲ್ಲ. ಹಳೆಯ ಕಂಪ್ಯೂಟರುಗಳೆಂದರೆ ಅವನಿಗೆ ಪ್ರೀತಿ. ಅಕ್ಕನೆಂದರೆ ಗೌರವ, ಸ್ವಲ್ಪ ಭಯ. ಫೋನಿನಲ್ಲೇ ವಿಚಾರಿಸಿದ.

“ಎಷ್ಟು ದಿನ ಕರೆಂಟಿಲ್ಲದೆ ಇಟ್ಟಿದ್ರಿ ಅಕ್ಕಾ? ಹಾಗಾದ್ರೆ ಒಳಗಿರೋ ಬಟನ್ ಸೆಲ್ಲು ಸತ್ತಿದೆ. ಅದರ ನೆನಪೆಲ್ಲ ಹೋಗಿದೆ. ತನ್ನ ಹೊಟ್ಟೇಲಿ ಇರೋದನ್ನ ಮರೆತು ಡಬ್ಬೀಲಿ ಹುಡುಕ್ತಾ ಕೂತಿದೆ. ಡಬ್ಬಿ ತೆಗೆದು ಆನ್ ಮಾಡಿ, ಎದ್ದ ಮೇಲೆ ಸಿಕ್ಕಿಸಿ. ಸೆಲ್ಲು ನಾನು ಬಂದು ಹಾಕ್ತೀನಿ.”

ಡಬ್ಬಿ ತೆಗೆದರು. ಕಂಪ್ಯೂಟರು ಎದ್ದಿತು. ಎದ್ದದ್ದೇನೋ ಸರಿ, ಅದರ ಪ್ರಕಾರ ಇಸವಿ ಮಾತ್ರ ಚೂಟಿ ಇನ್ನೂ ಸ್ಲೇಟು ಹಿಡಿಯುತ್ತಿದ್ದ ಕಾಲದ್ದು. “ನೋಡಿ ಅತ್ತೆ, ನಿಮಗೂ ವಯಸ್ಸು ಇಳೀತು” ಎಂದು ಅವಳು ನಕ್ಕಳು. ಅಕ್ಕನೂ ನಕ್ಕಳು. ಬಂದ ಗಂಡಾಂತರ ಕಳೆಯಿತೆಂದುಕೊಂಡಳು.

ಡಬ್ಬಿಯ ಕೇಬಲ್ಲು ಎಲ್ಲ ಕೇಬಲ್ಲಿನಂತಲ್ಲ. ಒಂದು ತುದಿ ಡಬ್ಬಿಗೆ, ಇನ್ನೊಂದು ತುದಿ ಕವಲೊಡೆದು ಎರಡು ಪ್ಲಗ್ಗು. ಹಳೆಯ ಕಂಪ್ಯೂಟರಿನ ಒಂದು ಪೋರ್ಟು ಕೊಡುವ ಕರೆಂಟು ಡಬ್ಬಿಗೆ ಸಾಲದು, ಅದಕ್ಕೆ ಎರಡರಿಂದ ಎಳೆಯಬೇಕು. ದಪ್ಪ ತಂತಿಯ ಪ್ಲಗ್ಗು ಕರೆಂಟನ್ನೂ ಮಾಹಿತಿಯನ್ನೂ ಒಯ್ಯುತ್ತದೆ, ತೆಳು ತಂತಿಯದು ಬರೀ ಕರೆಂಟು. ಬೇರೆ ಮನೆಯಲ್ಲಾಗಿದ್ದರೆ ಅವನ್ನು ದಪ್ಪ, ತೆಳು ಎನ್ನುತ್ತಿದ್ದರೋ ಏನೋ. ಇದು ಶೂ ಮಾಡುವ ಮನೆ. ಇಲ್ಲಿ ಜೋಡಿಯಾಗಿರುವ ಯಾವುದೇ ವಸ್ತುವಿಗೂ ಎಡ, ಬಲ ಇರಲೇಬೇಕು. ಅಕ್ಕ ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ದಪ್ಪನೆಯದರ ಮೇಲೆ ‘ಬ’ ಎಂದೂ ತೆಳ್ಳನೆಯದರ ಮೇಲೆ ‘ಎ’ ಎಂದೂ ಬರೆದಿದ್ದಳು.

ಮತ್ತು ಈ ಮನೆಯಲ್ಲಿ ಬಲಗಾಲು ಮೊದಲು. ತಾತ ಹಾಕಿದ, ಅಪ್ಪ ಬಿಡದೆ ಪಾಲಿಸಿದ ನಿಯಮ. ಅಳೆಯುವುದು, ಕತ್ತರಿಸುವುದು, ಹೊಲಿಯುವುದು, ಗಿರಾಕಿಗೆ ತೊಡಿಸುವುದು, ಎಲ್ಲವೂ ಮೊದಲು ಬಲಗಾಲಿಗೆ. “ಬಲಗಾಲು ಹೇಳುತ್ತೆ, ಎಡಗಾಲು ಕೇಳುತ್ತೆ” ಎನ್ನುತ್ತಿದ್ದ ಅಪ್ಪ. ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ತಾತನ ಕಾಲದಲ್ಲಿ ಇಬ್ಬರು ಒಂದೇ ಮೇಜಿನಲ್ಲಿ ಕೂತು, ಅವನು ಬಲ ಮಾಡುತ್ತಾನೆಂದು ಇವನು, ಇವನು ಮಾಡುತ್ತಾನೆಂದು ಅವನು, ಒಬ್ಬ ದೊಡ್ಡ ಮನುಷ್ಯನಿಗೆ ಎರಡೂ ಎಡಗಾಲಿನ ಶೂ ಮಾಡಿಕೊಟ್ಟಿದ್ದರಂತೆ. ಆ ಅವಮಾನದಿಂದ ಹುಟ್ಟಿದ ನಿಯಮ ಅದು. ಮೂರು ತಲೆಮಾರಿನಿಂದ ಈ ಮನೆಯ ಕೈಗಳು ಯೋಚಿಸದೆಯೇ ಬಲಕ್ಕೆ ಹೋಗುತ್ತವೆ.

ಅಕ್ಕ ‘ಬ’ ಸಿಕ್ಕಿಸಿದಳು, ಆಮೇಲೆ ‘ಎ’.

ಟಿಕ್. ಝುಂಯ್. ಟಿಕ್.

ಡಬ್ಬಿಯ ಪುಟ್ಟ ದೀಪ ಹೊತ್ತಿತು, ಆರಿತು. ಯಾವುದೋ ವಸ್ತು ಸಿಕ್ಕಿಸಿದ್ದೀರಿ, ಅದೇನೆಂದು ತಿಳಿಯಲಿಲ್ಲ ಎಂದು ಪರದೆಯ ಮೂಲೆಯಲ್ಲಿ ಹಳದಿ ಗುಳ್ಳೆಯೊಂದು ಬಂದು ಹೋಯಿತು. ಇಷ್ಟು ವರ್ಷ ಒಂದೇ ಮೇಜಿನ ಮೇಲೆ ಬಾಳಿದ ಡಬ್ಬಿಯನ್ನು ಕಂಪ್ಯೂಟರು ಯಾರೆಂದು ಕೇಳುತ್ತಿತ್ತು.

ಬಿಚ್ಚಿ ಮತ್ತೆ ಸಿಕ್ಕಿಸಿದಳು. ಟಿಕ್. ಮುಂದಿನ ಪೋರ್ಟಿನಿಂದ ತೆಗೆದು ಬೆನ್ನಿನ ಕಡೆಯ ಪೋರ್ಟಿಗೆ ಹಾಕಿದಳು, ಅಲ್ಲಿ ಕರೆಂಟು ಹೆಚ್ಚು ಎಂದು ಅವಳಿಗೆ ಗೊತ್ತು. ಟಿಕ್. ಕಂಪ್ಯೂಟರಿನ ಹೊರೆ ಇಳಿಯಲೆಂದು ಪ್ರಿಂಟರನ್ನೂ ಅಳೆಯುವ ಪೆಟ್ಟಿಗೆಯನ್ನೂ ಬಿಚ್ಚಿದಳು. ಟಿಕ್. ಚೂಟಿ ತನ್ನ ಲ್ಯಾಪ್‌ಟಾಪು ತಂದಳು. ಅದರ ಪೋರ್ಟು ಇರುವೆಯ ಬಾಯಷ್ಟು. ಅಡಾಪ್ಟರ್ ಒಂದನ್ನು ನಡುವೆ ಹಾಕಿದರೂ ಹಿಡಿಸಿದ್ದು ‘ಬ’ ಒಂದೇ. ಅಲ್ಲೂ ಟಿಕ್.

ಇನ್ನೊಂದು ಕಡೆ ಪ್ರತಿ ಇರಲಿಲ್ಲವೇ ಎಂದರೆ, ಇತ್ತು. ಅಕ್ಕ ಅಷ್ಟು ಹುಂಬಳಲ್ಲ. ಹಿಂದೆ ಒಮ್ಮೆ ಎಲ್ಲವನ್ನೂ ಸೀಡಿಗೆ ಬರೆದಿಟ್ಟಿದ್ದಳು. ಸೀಡಿ ಹಾಕುವ ತಟ್ಟೆ ಸಿಕ್ಕಿಕೊಂಡು ಹೊರಗೆ ಬರಲೊಲ್ಲದು. ತಮ್ಮ ಚರ್ಮ ಚುಚ್ಚುವ ದಬ್ಬಳವನ್ನು ಅದರ ಕೆಳಗಿನ ಸಣ್ಣ ತೂತಿಗೆ ಚುಚ್ಚಿ ಎಳೆದ. ಸೀಡಿ ಓಡಿತು, ಪಾದಗಳ ಸಾಲು ಬಂತು. ಅಕ್ಕ ಮೇಲಿನಿಂದ ಕೆಳಕ್ಕೆ ಹುಡುಕಿದಳು. ಅಂಚೆಯವನು ಇರಲಿಲ್ಲ. ಅವನು ಆ ಸೀಡಿ ಬರೆದ ಮೇಲೆ ಬಂದ ಗಿರಾಕಿ.

“ಅಕ್ಕ, ನಾನು ಅವನ ಎಡಗಾಲು ಅಳೆದು, ಬಲಗಾಲು ಅಂದಾಜಿನ ಮೇಲೆ ಮಾಡ್ತೀನಿ” ಎಂದ ತಮ್ಮ. “ನನ್ನ ಕೈಗೆ ಸ್ವಲ್ಪ ನೆನಪಿದೆ.”

“ಅಂದಾಜಿನ ಶೂ ಆಗೋ ಹಾಗಿದ್ರೆ ಅವರು ಗಾಜಿನ ಕಪಾಟಿಂದಾನೇ ತಗೋತಿದ್ರು. ನಮ್ಮ ಮೆಟ್ಟಿಲು ಯಾಕೆ ಇಳೀತಿದ್ರು?”

ತಮ್ಮ ದಬ್ಬಳವನ್ನು ಅದರ ಜಾಗಕ್ಕಿಟ್ಟ. ಮಾತು ನಿಜವಾಗಿತ್ತು, ಮತ್ತು ಹೇಳಿದ್ದು ಅಕ್ಕ.

ಮಧ್ಯಾಹ್ನ ಅಕ್ಕ ಮತ್ತೆ ರಿಪೇರಿಯವನಿಗೆ ಫೋನು ಮಾಡಿ, ಫೋನನ್ನು ಡಬ್ಬಿಯ ಹೊಟ್ಟೆಯ ಮೇಲಿಟ್ಟು, ಪ್ಲಗ್ಗು ಸಿಕ್ಕಿಸಿ ಕೇಳಿಸಿದಳು. ಡಾಕ್ಟರು ಎದೆ ಪರೀಕ್ಷೆ ಮಾಡುವಾಗ ಮನೆಮಂದಿ ನಿಲ್ಲುವಂತೆ ಮೂವರೂ ಉಸಿರು ಬಿಗಿ ಹಿಡಿದು ಸುತ್ತ ನಿಂತರು.

“ಕೆರೆಯೋ ಸದ್ದಿಲ್ಲ ಅಕ್ಕಾ, ಅದು ಒಳ್ಳೇದು” ಎಂದ ಅವನು. “ಕೆರೆದಿದ್ರೆ ಕತೆ ಮುಗೀತಿತ್ತು. ಇದು ಏಳೋಕೆ ನೋಡ್ತಾ ಇದೆ, ಏಳೋಕಾಗ್ದೆ ಕೂತ್ಬಿಡ್ತಾ ಇದೆ. ಸುಮ್ನೆ ಮತ್ತೆ ಮತ್ತೆ ಹಾಕಿ ತೆಗೀಬೇಡಿ, ಪ್ರತಿ ಸಲಾನೂ ಅದಕ್ಕೆ ಪೆಟ್ಟೇ. ನಾನು ಬರೋವರೆಗೂ ಬಿಡಿ, ಇಲ್ಲ ದೊಡ್ಡ ಲ್ಯಾಬಿಗೆ ಕಳಿಸೋಣ. ಅವರು ತೆಗೆದುಕೊಡ್ತಾರೆ, ಆದ್ರೆ ವಾರಗಟ್ಲೆ ಹಿಡಿಯುತ್ತೆ.”

ವಾರಗಟ್ಟಲೆ ಎಂದರೆ ಸೋಮವಾರ ಹೋಯಿತು. ಮಾತು ಹೋಯಿತು. ಅಂಚೆಯವನು ಗೋಡೆಯ ಕಡೆ ತಿರುಗಿದ.

ಚೂಟಿ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತಳು. ಈಗ ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ. “ಅತ್ತೆ, ಆಸ್ಪತ್ರೆಗೆ ನಾನು ಫೋನ್ ಮಾಡಿ ಹೇಳ್ತೀನಿ. ಕಂಪ್ಯೂಟರು ಕೆಟ್ಟಿತು ಅಂದ್ರೆ ಯಾರೂ ನಿಮ್ಮನ್ನ ದೂರಲ್ಲ. ನಾನೇ ತಾನೇ ಬಿಚ್ಚಿದ್ದು, ನನ್ನ ಹೆಸರೇ ಹೇಳ್ತೀನಿ.”

“ಏನಂತ ಹೇಳ್ತೀಯ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾ?” ಅಕ್ಕನಿಗೆ ಸಿಟ್ಟು ಬಂತು. ಸಿಟ್ಟು ಚೂಟಿಯ ಮೇಲಲ್ಲ. ಗೋಡೆಯ ತುಂಬ ಇದ್ದ ಮರದ ಪಾದಗಳನ್ನು ಒಲೆಗೆ ಹಾಕಿಸಿದ ತನ್ನ ನಾಲಿಗೆಯ ಮೇಲೆ. “ಯಾರೂ ಯಾರಿಗೂ ಫೋನ್ ಮಾಡ್ಬೇಡಿ. ನನ್ನನ್ನ ಸ್ವಲ್ಪ ಹೊತ್ತು ಬಿಟ್ಬಿಡಿ.”

ಅವರು ಬಿಟ್ಟರು. ತಮ್ಮ ತನ್ನ ಮೇಜಿಗೆ ಹೋದ. ಅಲ್ಲಿ ಒಬ್ಬ ಹೆಂಗಸು ಹೊಸ ಶೂ ತೊಟ್ಟು ನೋಡಲು ಕಾಯುತ್ತಿದ್ದಳು. ವಯಸ್ಸಾದವಳು, ಸೊಂಟದ ಆಪರೇಶನ್ ಆದವಳು. ತಮ್ಮ ಬಲಗಾಲಿಗೆ ತೊಡಿಸಿದ, ಎಡಗಾಲಿಗೆ ತೊಡಿಸಿದ. ಅವಳು ಎದ್ದು ನಿಲ್ಲಲು ಹೋಗಿ ಅರ್ಧಕ್ಕೇ ಧೊಪ್ಪನೆ ಕೂತಳು.

“ಅಮ್ಮಾ, ಅವಸರ ಬೇಡ” ಎಂದ ತಮ್ಮ, ಗೋಡೆಗೆ ಒರಗಿಸಿದ್ದ ಊರುಗೋಲನ್ನು ಅವಳ ಕೈಗೆ ಕೊಡುತ್ತಾ. “ಮೊದಲು ಕೋಲು ನೆಲಕ್ಕೆ ಊರಿ. ಭದ್ರವಾಗಿ. ಆಮೇಲೆ ಕಾಲ ಮೇಲೆ ಭಾರ ಹಾಕಿ. ಕಾಲು ಸೋತ ಮೇಲೆ ಕೋಲು ಹುಡುಕಿದ್ರೆ ಏನು ಬಂತು?”

ಅವಳು ಕೋಲು ಊರಿದಳು. ಎದ್ದು ನಿಂತಳು.

ಈ ಮಾತನ್ನು ಅಕ್ಕ ಆ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಅಪ್ಪ ಹೇಳುತ್ತಿದ್ದ, ತಮ್ಮ ಹೇಳುತ್ತಾನೆ, ಗಿರಾಕಿ ಬಹಳ ಹೆದರಿದ್ದರೆ ಅವಳೂ ಎದ್ದು ಬಂದು ಹೇಳಿದ್ದುಂಟು. ಆದರೆ ಇವತ್ತು ಅವಳ ಮುಂದೆ ಏಳಲಾರದೆ ಕೂತದ್ದು ಆ ಹೆಂಗಸೊಬ್ಬಳೇ ಅಲ್ಲ.

ಅಕ್ಕ ಕೇಬಲ್ಲನ್ನು ಕೈಗೆತ್ತಿಕೊಂಡಳು. ದಪ್ಪದ ‘ಬ’, ತೆಳ್ಳನೆಯ ‘ಎ’. ಎ ಬರೀ ಕರೆಂಟು ತರುತ್ತದೆ. ಅದಕ್ಕೆ ಮಾಹಿತಿ ಬೇಡ, ಅಳತೆ ಬೇಡ. ಅದು ನಡೆಯುವುದಿಲ್ಲ, ಬರೀ ಆಧಾರ ಕೊಡುತ್ತದೆ. ಇಷ್ಟು ವರ್ಷ ಅದನ್ನು ಎಡಗಾಲು ಎಂದು ಕರೆದೆವಲ್ಲ! ಬಲ ಸಿಕ್ಕಿಸಿದ ಕೂಡಲೇ ಡಬ್ಬಿ ಒಂದೇ ಆಸರೆಯ ಮೇಲೆ ಏಳಲು ನೋಡುತ್ತದೆ, ಸೋತು ಕೂರುತ್ತದೆ; ಕಂಪ್ಯೂಟರು ಆಗಲೇ ‘ಇದು ಯಾರೋ ಗೊತ್ತಿಲ್ಲ’ ಎಂದು ಮುಖ ತಿರುಗಿಸಿ ಆಗಿರುತ್ತದೆ. ಎಡ ಬರುವುದು ಆಮೇಲೆ, ಸೋತ ಮೇಲೆ.

ಮತ್ತೆ ಬೆಳಿಗ್ಗೆಯ ಕಪ್ಪು ಪರದೆ ನೆನಪಾಯಿತು. ಆಗ ಎರಡೂ ಪ್ಲಗ್ಗು ಮೊದಲೇ ಸಿಕ್ಕಿಸಿತ್ತು, ಎರಡರಿಂದಲೂ ಒಟ್ಟಿಗೇ ಕರೆಂಟು ಬಂತು. ಆಗ ಡಬ್ಬಿ ಟಿಕ್ ಎನ್ನಲಿಲ್ಲ, ಬೆಕ್ಕಿನ ಹಾಗೆ ಗುರುಗುಟ್ಟಿತ್ತು. ಅಂದರೆ ಡಬ್ಬಿ ಸತ್ತಿಲ್ಲ. ಅದಕ್ಕೆ ವಯಸ್ಸಾಗಿದೆ, ಅಷ್ಟೆ. ವಯಸ್ಸಾದವರನ್ನು ಎಬ್ಬಿಸುವ ಕ್ರಮ ಗೊತ್ತಿರುವ ಮನೆಯಲ್ಲೇ ಅದನ್ನು ಕ್ರಮ ತಪ್ಪಿ ಎಬ್ಬಿಸುತ್ತಿದ್ದರು.

“ಬನ್ನಿ ಇಲ್ಲಿ, ಇಬ್ಬರೂ” ಎಂದು ಅಕ್ಕ ಕರೆದಳು. ಅವರು ಬಂದರು, ಶೂ ತೊಟ್ಟ ಹೆಂಗಸೂ ಕೋಲೂರಿಕೊಂಡು ಹಿಂದೆಯೇ ಬಂದಳು. ಅಕ್ಕ ‘ಎ’ ಪ್ಲಗ್ಗನ್ನು ಹಿಡಿದು ಪೋರ್ಟಿನ ಹತ್ತಿರ ಒಯ್ದಳು.

“ಅಕ್ಕ, ಅದು ಎಡ” ಎಂದ ತಮ್ಮ. ಬಾಯಿ ತಾನೇ ತಾನಾಗಿ ಆಡಿದ ಮಾತು.

“ಗೊತ್ತು.”

“ಅಪ್ಪ ಹೇಳ್ತಿದ್ರು—”

“ಅಪ್ಪ ಹೇಳಿದ್ದು ಕಾಲಿಗೆ ಕಣೋ. ಇದು ಕಾಲಲ್ಲ, ಊರುಗೋಲು. ಊರುಗೋಲಿಗೆ ಅಪ್ಪ ಏನು ಹೇಳ್ತಿದ್ರು, ಅದನ್ನ ಹೇಳು ನೋಡೋಣ.”

ತಮ್ಮ ತಿರುಗಿ ಹೆಂಗಸಿನ ಕೈಯಲ್ಲಿದ್ದ ಕೋಲು ನೋಡಿದ. ಆಮೇಲೆ ಅವನ ಮುಖ ಅರಳಿತು.

ಇದೂ ತಪ್ಪಾದರೆ ಡಬ್ಬಿಗೆ ಇನ್ನೊಂದು ಪೆಟ್ಟು, ಅದೇ ಕೊನೆಯದೂ ಆಗಬಹುದು. ಅಕ್ಕ ‘ಎ’ ಸಿಕ್ಕಿಸಿದಳು. ಡಬ್ಬಿ ಸುಮ್ಮನಿತ್ತು. ಭದ್ರವಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು. ಆಮೇಲೆ ‘ಬ’.

ಝುಂಯ್.

ಟಿಕ್ ಬರಲಿಲ್ಲ. ಝುಂಯ್ ಎನ್ನುವುದು ನಿಧಾನಕ್ಕೆ ಏರಿ ಗುರ್ ಎಂದು ನಿಂತಿತು, ದೀಪ ಹೊತ್ತಿ ಉಳಿಯಿತು. ಪರದೆಯ ಮೇಲೆ ಒಂದು ಕಿಟಕಿ ತೆರೆದು, ಅದರಲ್ಲಿ ಅರ್ಧ ಊರಿನ ಕಾಲು ಸಾಲಾಗಿ ಬಂದು ನಿಂತವು. ಅಕ್ಕ ಮೊದಲು ಅಂಚೆಯವನ ಪಾದವನ್ನು ಹುಡುಕಿ ಕಂಪ್ಯೂಟರಿನೊಳಕ್ಕೇ ನಕಲು ಮಾಡಿದಳು, ಆಮೇಲೆ ತೆರೆದಳು. ಬೂದು ಬಣ್ಣದ ಸೊಟ್ಟ ಪಾದವೊಂದು ಪರದೆಯ ಮೇಲೆ ನಿಧಾನವಾಗಿ ತಿರುಗಿತು. ಒಳಕ್ಕೆ ಬಾಗಿದ ಹೆಬ್ಬೆರಳು, ಪಕ್ಕದ ಗುಬುಟು, ಒಂದೂ ಮಾಸಿರಲಿಲ್ಲ. ಅಷ್ಟು ಚೆಂದದ ಪಾದವನ್ನು ತಾನು ಜೀವಮಾನದಲ್ಲಿ ಕಂಡಿಲ್ಲ ಎಂದು ಅಕ್ಕನಿಗೆ ಅನ್ನಿಸಿತು, ಕಣ್ಣೂ ತುಂಬಿತು.

“ಬಂತಾ?” ಎಂದಳು ಊರುಗೋಲಿನ ಹೆಂಗಸು, ಏನು ಬಂತೆಂದು ತಿಳಿಯದೆ.

“ಬಾರದೆ ಏನು! ನಾನು ಕರೆದಿದ್ದೀನಿ” ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ. ಜಂಬ ಮೊದಲಿನ ಜಾಗಕ್ಕೆ ಬಂದು ಕೂತಿತು.

ಚೂಟಿ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತಳು. “ಇನ್ನು ಇದನ್ನ ಬಿಚ್ಚೋಕೆ ಮ್ಯೂಸಿಯಮ್ಮಿನವರು ಬಂದ್ರೂ ಬಿಡಲ್ಲ” ಎಂದಳು. ಅಂದು ಸಂಜೆಯೊಳಗೆ ಎಲ್ಲ ಪಾದಗಳೂ ಲ್ಯಾಪ್‌ಟಾಪಿಗೆ, ಎರಡು ಪೆನ್‌ಡ್ರೈವಿಗೆ ಹೋದವು. ಹಳೆಯ ಕಂಪ್ಯೂಟರು ನಕಲು ಮಾಡಿದ್ದು ಆಮೆಯ ವೇಗದಲ್ಲಿ, ಆದರೂ ಚೂಟಿ ಏಳಲಿಲ್ಲ. ಯಾವ ಉಬ್ಬನ್ನು ಯಾಕೆ ತಿದ್ದಿದ್ದು, ಯಾರ ಹಿಮ್ಮಡಿಗೆ ಎಷ್ಟು ಎತ್ತರ ಕೊಟ್ಟದ್ದು ಎಂದು ಒಂದೊಂದೂ ಪಾದದ ಬಗ್ಗೆ ಕೇಳಿದಳು. ಅಕ್ಕ ಒಂದೊಂದಕ್ಕೂ ಹೇಳಿದಳು, ಕೇಳದೆ ಇದ್ದದ್ದಕ್ಕೂ ಹೇಳಿದಳು.

ಮರುದಿನ ಕೆತ್ತುವ ಮೆಷಿನ್ನು ಕೂಗಿಕೊಂಡು ಎದ್ದಿತು. ಮರದ ದಿಮ್ಮಿ ತಿರುಗಿತು, ಹೊಟ್ಟು ಹಾರಿತು, ಅಂಚೆಯವನ ಪಾದ ಅದರೊಳಗಿಂದ ಹೊರಬಂತು. ಪ್ಲಾಸ್ಟರಿನಲ್ಲಿದ್ದ ಕಾಲು ಬಡವಾಗಿರುತ್ತದೆಂದು ತಮ್ಮ ಒಳಗೆ ಮೆತ್ತನೆಯ ಪಟ್ಟಿಗಳನ್ನಿಟ್ಟ, ಬೇಕಾದಂತೆ ತೆಗೆಯಲು ಹಾಕಲು ಬರುವ ಹಾಗೆ. ಚರ್ಮ ಕತ್ತರಿಸಿದ, ಬಿಗಿದ, ಹೊಲಿದ. ಬಲಗಾಲು ಮೊದಲು.

ಸೋಮವಾರ ಮೂವರೂ ಆಸ್ಪತ್ರೆಗೆ ಹೋದರು. ಅಂಗಡಿಗೆ ಬೀಗ ಹಾಕಿದ್ದನ್ನು ಬೀದಿಯವರು ಕಂಡದ್ದು ಅದೇ ಮೊದಲು. ಪ್ಲಾಸ್ಟರ್ ಬಿಚ್ಚಿದ ಕಾಲು ಸಿಪ್ಪೆ ಸುಲಿದ ಕಡ್ಡಿಯಂತೆ ಬೆಳ್ಳಗೆ, ತೆಳ್ಳಗೆ ಇತ್ತು. ಅಂಚೆಯವನು ಅದನ್ನು ತನ್ನದಲ್ಲವೆಂಬಂತೆ ನೋಡಿದ. ತಮ್ಮ ಮೊಣಕಾಲೂರಿ ಕೂತು ಶೂ ತೊಡಿಸಿ, ಲೇಸು ಬಿಗಿದು, ಎರಡು ಪಟ್ಟಿ ತೆಗೆದು, ಮತ್ತೆ ಬಿಗಿದ. ನರ್ಸು ಕೈಗೆ ಊರುಗೋಲು ಕೊಟ್ಟಳು.

ಅಂಚೆಯವನು ಎದ್ದ. ಎರಡೂ ಭುಜ ಒಂದೇ ಮಟ್ಟಕ್ಕೆ ನಿಂತವು. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಕಿಟಕಿಯವರೆಗೆ ಹೋಗಿ ಹೊರಗೆ ನೋಡಿದ. ಯಾರ ಮನೆಗೆ ಯಾವ ಕಾಗದ ತಲುಪಿಲ್ಲವೋ ಎಂದು ಚಿಂತಿಸುವವನಂತೆ ಬೀದಿಯನ್ನು ಉದ್ದಕ್ಕೂ ನೋಡಿ, ತಿರುಗಿ ಬಂದ. “ಅಕ್ಕಾ” ಎಂದ. ಅಕ್ಕ ತಲೆಯಾಡಿಸಿದಳು.

ಡಾಕ್ಟರು ಬಗ್ಗಿ ಕೂತು ಶೂವಿನ ಹಿಮ್ಮಡಿ ಮುಟ್ಟಿ ನೋಡಿದರು, ಪಕ್ಕದ ಗುಬುಟಿಗೆ ಬಿಟ್ಟ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರು. “ಇಷ್ಟು ಸರಿಯಾಗಿ ಕೂತಿರೋದನ್ನ ನಾನು ನೋಡೇ ಇಲ್ಲ. ಕಾಲು ಪ್ಲಾಸ್ಟರಿನೊಳಗಿತ್ತಲ್ಲಾ, ಅಳತೆ ಹೇಗೆ ತಗೊಂಡ್ರಿ?”

ಅಕ್ಕ ಗಂಟಲು ಸರಿಮಾಡಿಕೊಂಡಳು. ಆದರೆ ಅವಳಿಗಿಂತ ಮೊದಲೇ ಚೂಟಿ ಮುಂದೆ ಬಂದಿದ್ದಳು.

“ಪ್ಲಾಸ್ಟರಿನೊಳಗೆ ಎಲ್ಲಿತ್ತು ಡಾಕ್ಟ್ರೇ?” ಎಂದಳು, ವಾರ್ಡಿನ ಆ ತುದಿಯವರೆಗೂ ಕೇಳುವ ಹಾಗೆ. “ಕಾಲು ನಮ್ಮತ್ತೆ ಹತ್ರ ಇತ್ತು.”

ಸುತ್ತಲಿನ ಮಂಚಗಳವರೆಲ್ಲ ಅಕ್ಕನ ಕಡೆ ತಿರುಗಿದರು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಡಾಕ್ಟರು ಇನ್ನೊಂದು ಸಲ ಕೇಳಲಿ ಎಂದು ಕಾದಳು.